ಎಮಿಷನ್ ಟೆಸ್ಟ್‌ನಲ್ಲಿ ಪಾಸ್, ಆದರೆ ಯಾವ ವಿಷಯದಲ್ಲಿ?

ಹೋದ ತಿಂಗಳು ಪೆಟ್ರೋಲ್ ಬಂಕ್ ಪಕ್ಕ ನಿಂತಿದ್ದ ವ್ಯಾನಿನಲ್ಲಿ ನನ್ನ ಹಳೇ ಕಾರಿಗೆ ಎಮಿಷನ್ ಟೆಸ್ಟ್ ಮಾಡಿಸಿದೆ. ಸೈಲೆನ್ಸರ್‌ಗೆ ಒಂದು ಪೈಪ್ ತೂರಿಸಿದರು, ನಂಬರ್ ಪ್ಲೇಟ್ ಫೋಟೋ ತೆಗೆದರು, ಸರ್ಟಿಫಿಕೇಟ್ ಕೈಗೆ ಬಂತು. ಎಂಜಿನಿಯರಿಂಗ್ ಓದಿದ ತಪ್ಪಿಗೆ ಒಂದು ಪ್ರಶ್ನೆ ಮಾತ್ರ ಬಿಡಲಿಲ್ಲ: ಆ ಪೈಪ್ ಅಳೆದದ್ದಾದರೂ ಏನನ್ನು?

ಪೆಟ್ರೋಲ್ ಕಾರಿನಲ್ಲಿ ಹೊಗೆ ಸೈಲೆನ್ಸರ್ ಮುಟ್ಟುವ ಮುಂಚೆಯೇ ಕ್ಯಾಟಲಿಟಿಕ್ ಕನ್ವರ್ಟರ್ ದಾಟಬೇಕು. ಒಳಗಿರೋದು ಜೇನುಗೂಡಿನಂಥ ಸೆರಾಮಿಕ್ ಗಟ್ಟಿ. ಅದರ ಸಣ್ಣ ಸಣ್ಣ ಕಿಂಡಿಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. (ಕಳ್ಳರು ಕನ್ವರ್ಟರ್ ಕೊಯ್ದುಕೊಂಡು ಹೋಗೋದು ಇದರ ಆಸೆಗೇ.) ಕಾರ್ಬನ್ ಮಾನಾಕ್ಸೈಡ್‌ಗೆ, ಪೂರ್ತಿ ಉರಿಯದ ಇಂಧನಕ್ಕೆ ಇಲ್ಲಿ ಆಮ್ಲಜನಕ ಸೇರಬೇಕು, ನೈಟ್ರೋಜನ್ ಆಕ್ಸೈಡ್‌ನಿಂದ ಆಮ್ಲಜನಕ ಕಳಚಬೇಕು. ಎರಡೂ ಒಟ್ಟಿಗೆ ನಡೆಯೋಕೆ 1 ಕೆಜಿ ಪೆಟ್ರೋಲಿಗೆ ಸುಮಾರು 14.7 ಕೆಜಿ ಗಾಳಿ ಅನ್ನೋ ಲೆಕ್ಕ ತಪ್ಪಬಾರದು. ಅದನ್ನು ಕಾಯೋದು ಆಕ್ಸಿಜನ್ ಸೆನ್ಸರ್.

ಡೀಸೆಲ್ ಕಥೆ ಬೇರೆ. ಅಲ್ಲಿ ಗಾಳಿ ಯಾವಾಗಲೂ ಜಾಸ್ತಿ ಇರೋದರಿಂದ ಈ ಉಪಾಯ ನಡೆಯಲ್ಲ. ನೈಟ್ರೋಜನ್ ಆಕ್ಸೈಡ್ ಮೇಲೆ ಯೂರಿಯಾ ದ್ರಾವಣ ಸಿಂಪಡಿಸಬೇಕು: ಯೂರಿಯಾ ಬಿಸಿಗೆ ಅಮೋನಿಯಾ ಆಗಿ, ಆಕ್ಸೈಡನ್ನು ನೈಟ್ರೋಜನ್, ನೀರಾಗಿ ಒಡೆಯುತ್ತೆ. ಮಸಿಗೆ ಡಿಪಿಎಫ್ ಅನ್ನೋ ಫಿಲ್ಟರ್. ಇದರ ಕಿಂಡಿಗಳ ಒಂದೊಂದು ತುದಿ ಮುಚ್ಚಿರುತ್ತೆ, ಹೊಗೆ ಗೋಡೆಯ ರಂಧ್ರಗಳಲ್ಲೇ ತೂರಬೇಕು, ಮಸಿ ಹಿಂದೆ ಉಳಿಯುತ್ತೆ. ತುಂಬಿದಾಗ ಸುಮಾರು 600 ಡಿಗ್ರಿಗೆ ಕಾಯಿಸಿ ಸುಡಬೇಕು. 2020ರ ಏಪ್ರಿಲ್ 1ರಿಂದ ದೇಶವೆಲ್ಲ ಬಿಎಸ್ 6ಕ್ಕೆ ಹೋದಾಗ ಇಂಧನದ ಗಂಧಕವನ್ನು 50 ಪಿಪಿಎಂನಿಂದ 10ಕ್ಕೆ ಇಳಿಸಿದ್ದರ ಒಂದು ಕಾರಣ, ಗಂಧಕ ಈ ಸಾಮಾನುಗಳನ್ನು ಕೆಡಿಸುತ್ತೆ ಅನ್ನೋದು.

ಸಮಸ್ಯೆ ಶುರುವಾಗೋದು ಸಿಟಿ ಟ್ರಾಫಿಕ್‌ನಲ್ಲಿ. ನಿಂತು ನಿಂತು ಓಡೋ ಗಾಡಿಯಲ್ಲಿ ಫಿಲ್ಟರ್ ಸಾಕಷ್ಟು ಕಾಯಲ್ಲ, ಕಟ್ಟಿಕೊಳ್ಳುತ್ತೆ. ಹೊಸದು ದುಬಾರಿ. ‘ಕಿತ್ತಾಕಿಬಿಡಿ ಸಾರ್, ಪಿಕಪ್ಪೂ ಚೆನ್ನಾಗಿರುತ್ತೆ’ ಅಂತ ಒಂದು ಗ್ಯಾರೇಜಿನಲ್ಲಿ ನನ್ನೆದುರೇ ಹೇಳಿದ್ದನ್ನು ಕೇಳಿದ್ದೇನೆ.

ಕಿತ್ತರೆ ಟೆಸ್ಟ್‌ನಲ್ಲಿ ಸಿಕ್ಕಿಬೀಳಲ್ವಾ? ಖಾತ್ರಿ ಇಲ್ಲ. ನಮ್ಮ ಟೆಸ್ಟ್ ಪೆಟ್ರೋಲ್ ಗಾಡಿಯಲ್ಲಿ ಮುಖ್ಯವಾಗಿ ನೋಡೋದು ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್. ಡೀಸೆಲ್‌ನಲ್ಲಿ ಹೊಗೆ ಎಷ್ಟು ದಟ್ಟ ಅಂತ. ಶ್ವಾಸಕೋಶದ ಆಳಕ್ಕಿಳಿಯುವ ಅತಿಸಣ್ಣ ಕಣಗಳು ಕಣ್ಣಿಗೂ ಕಾಣಲ್ಲ, ಆ ಯಂತ್ರಕ್ಕೂ ಸರಿಯಾಗಿ ಕಾಣಲ್ಲ. ನೈಟ್ರೋಜನ್ ಆಕ್ಸೈಡನ್ನಂತೂ ಅಳೆಯೋದೇ ಇಲ್ಲ. ಅಳೆದರೂ, ಅದು ಹೆಚ್ಚಾಗಿ ಹುಟ್ಟೋದು ಎಂಜಿನ್ ಮೇಲೆ ಭಾರ ಬಿದ್ದಾಗ. ಟೆಸ್ಟ್ ನಡೆಯೋದು ನಿಂತ ಗಾಡಿಗೆ.

ನೆದರ್ಲೆಂಡ್ಸ್, ಜರ್ಮನಿ ಎರಡೂ 2023ರಲ್ಲಿ ಫಿಲ್ಟರ್ ಇರುವ ಡೀಸೆಲ್ ಗಾಡಿಗಳ ತಪಾಸಣೆಗೆ ಕಣ ಎಣಿಸುವ ಯಂತ್ರ ತಂದವು. ಗಾಡಿ ನಿಂತಲ್ಲೇ ನಿಂತಿದ್ದರೂ ಅದು ಸೀಳಿದ, ಕಿತ್ತ ಫಿಲ್ಟರನ್ನು ಹಿಡಿಯುತ್ತೆ. ನಮ್ಮಲ್ಲಿ ಟೆಸ್ಟ್‌ನ ಮಿತಿ ಬರೆಯೋದು ಕೇಂದ್ರದ ಮೋಟಾರು ವಾಹನ ನಿಯಮಗಳು, ವ್ಯಾನಿಗೆ ಪರವಾನಗಿ ಕೊಡೋದು ರಾಜ್ಯದ ಸಾರಿಗೆ ಇಲಾಖೆ. ಕೇಳಬೇಕಾದ ಬಾಗಿಲು ಎರಡೂ ಇವೇ.