ಪುಸ್ತಕ ಹುಡುಕಿಕೊಡುವ ವಿದ್ಯೆ ಮತ್ತು ಬರೋಡಾ

ಕೊಯಾಲಿ ಎಂದರೆ ತೈಲ ಸಂಸ್ಕರಣಾಗಾರದ ಊರು. ಕೆಲಸದ ಮೇಲೆ ಇಲ್ಲಿಗೆ ಬರುವ ನಮ್ಮಂಥ ಕನ್ನಡಿಗರಿಗೆ ಪಕ್ಕದ ವಡೋದರಾ ಎಂದರೆ ರೈಲು ನಿಲ್ದಾಣ ಮತ್ತು ನವರಾತ್ರಿಯ ಗರ್ಬಾ. ಭಾರತದಲ್ಲಿ ಗ್ರಂಥಪಾಲಕರಿಗೆ ತರಗತಿ ನಡೆಸಿ ತರಬೇತಿ ಕೊಡುವ ಪದ್ಧತಿ ಮೊದಲು ಶುರುವಾದದ್ದು ಇದೇ ಊರಿನಲ್ಲಿ, 1911ರಲ್ಲಿ, ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಆಗ ಇದು ಬರೋಡಾ ಸಂಸ್ಥಾನ. ಮೂರನೇ ಸಯಾಜಿರಾವ್ ಗಾಯಕವಾಡರು 1906ರಲ್ಲಿ ಸಂಸ್ಥಾನದಾದ್ಯಂತ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿದರು. ಆದರೆ ಶಾಲೆ ಬಿಟ್ಟ ಮೇಲೆ ಓದಲು ಏನೂ ಸಿಗದಿದ್ದರೆ ಕಲಿತ ಅಕ್ಷರ ಎಷ್ಟು ದಿನ ಉಳಿದೀತು? ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳನ್ನು ಕಣ್ಣಾರೆ ಕಂಡು ಬಂದಿದ್ದ ಮಹಾರಾಜರು 1910ರಲ್ಲಿ ಅಲ್ಲಿಂದ ವಿಲಿಯಂ ಅಲನ್ಸನ್ ಬೋರ್ಡನ್ ಎಂಬ ಗ್ರಂಥಪಾಲಕರನ್ನು ಕರೆಸಿಕೊಂಡರು. ಅರಮನೆಯ ಪುಸ್ತಕಗಳೇ ಕೇಂದ್ರ ಗ್ರಂಥಾಲಯಕ್ಕೆ ಬುನಾದಿಯಾದವು. ಹಳ್ಳಿಹಳ್ಳಿಗೆ ಪುಸ್ತಕದ ಪೆಟ್ಟಿಗೆಗಳು ಹೊರಟವು.

ಪೆಟ್ಟಿಗೆಯೇನೋ ತಲುಪುತ್ತದೆ. ಅದನ್ನು ತೆರೆದು, ಓದುಗನಿಗೆ ಬೇಕಾದ ಪುಸ್ತಕವನ್ನು ಅವನ ಕೈಗಿಡುವವರು ಯಾರು? ತರಬೇತಿ ಬೇಕಾದದ್ದು ಅದಕ್ಕೇ. ಬೋರ್ಡನ್ 1913ರಲ್ಲಿ ಹಿಂದಿರುಗಿದರು. ಮುಂದೆ ಈ ವಿದ್ಯೆ ವಿಶ್ವವಿದ್ಯಾಲಯಗಳ ಮೆಟ್ಟಿಲೇರಿತು. 1915ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇನ್ನೊಬ್ಬ ಅಮೆರಿಕನ್, ಆಸಾ ಡಾನ್ ಡಿಕಿನ್ಸನ್, ಪಾಠ ಆರಂಭಿಸಿದರು. 1929ರಲ್ಲಿ ಮದರಾಸಿನಲ್ಲಿ ಎಸ್.ಆರ್. ರಂಗನಾಥನ್ ಬೇಸಿಗೆ ತರಗತಿ ಶುರುಮಾಡಿದರು. 1937ರ ಹೊತ್ತಿಗೆ ಅದು ಸ್ನಾತಕೋತ್ತರ ಡಿಪ್ಲೊಮಾ ಆಗಿತ್ತು.

ಗಣಿತದ ಮೇಷ್ಟ್ರಾಗಿದ್ದ ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಡಿಯಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಕೊಯಾಲಿಯ ಸಂಸ್ಕರಣಾಗಾರ ಕೆಲಸ ಆರಂಭಿಸಿದ್ದು 1965ರಲ್ಲಿ. ಕಾರ್ಖಾನೆ, ಪ್ರಯೋಗಾಲಯಗಳ ಆ ಕಾಲಕ್ಕೆ ಪುಸ್ತಕವೊಂದೇ ಸಾಲದು. ಯಾವ ವರದಿಯಲ್ಲಿ ಯಾವ ಮಾಹಿತಿ ಇದೆ ಎಂದು ಹೇಳಬಲ್ಲವರು ಬೇಕಿತ್ತು. ಗ್ರಂಥಾಲಯ ವಿಜ್ಞಾನದ ಜೊತೆಗೆ ‘ಮಾಹಿತಿ ವಿಜ್ಞಾನ’ ಸೇರಿಕೊಂಡದ್ದು ಹೀಗೆ. ಇಂದು ಆ ಕೇಂದ್ರದಲ್ಲಿ ಈ ವಿಷಯದ ಸ್ನಾತಕೋತ್ತರ ಪದವಿಯಿದೆ. ವಡೋದರಾದ ಎಂ.ಎಸ್. ವಿಶ್ವವಿದ್ಯಾಲಯದಲ್ಲೂ ಇದೆ.

ನನ್ನ ಐಟಿ ಕಸುಬಿನಿಂದ ಒಂದು ಉದಾಹರಣೆ. ಆನ್‌ಲೈನ್‌ನಲ್ಲಿ ಅಂಗಿ ಕೊಳ್ಳುವಾಗ ಬಣ್ಣ, ಅಳತೆ, ಬೆಲೆ ಎಂದು ಬೇರೆಬೇರೆ ಆಯ್ಕೆಗಳನ್ನು ಒತ್ತುತ್ತೇವಲ್ಲ? ಒಂದೇ ವಸ್ತುವನ್ನು ಹಲವು ಮುಖಗಳಿಂದ ವರ್ಗೀಕರಿಸುವ ಈ ಯೋಚನೆಯನ್ನು ರಂಗನಾಥನ್ ತಮ್ಮ ಕೋಲನ್ ವರ್ಗೀಕರಣದಲ್ಲಿ 1933ರಲ್ಲೇ ಪುಸ್ತಕಗಳಿಗೆ ಅನ್ವಯಿಸಿದ್ದರು. ಇತ್ತ ನಮ್ಮ ಪ್ರಾಜೆಕ್ಟುಗಳಲ್ಲಿ ‘ಫೈನಲ್’, ‘ಫೈನಲ್-2’, ‘ಹೊಸ ಫೈನಲ್’ ಎಂಬ ಕಡತಗಳು ರಾಶಿ ಬಿದ್ದಿರುತ್ತವೆ. ಎಲ್ಲವೂ ಇದೆ, ಬೇಕಾದಾಗ ಯಾವುದೂ ಸಿಗುವುದಿಲ್ಲ. ಹೀಗಿದ್ದೂ ಎಂ.ಲಿಬ್. ಓದುತ್ತೇನೆ ಎನ್ನುವ ಹುಡುಗಿಗೆ ನಾವು ಹೇಳುವುದು, “ಪುಸ್ತಕ ಜೋಡಿಸೋದಕ್ಕೆ ಎರಡು ವರ್ಷ ಯಾಕಮ್ಮ?”

ಪದವಿ ಮೇಲೇರಿದಂತೆ ಕೈತಪ್ಪಿದ್ದೂ ಒಂದಿದೆ. ಬರೋಡಾದ ತರಗತಿ ಹುಟ್ಟಿದ್ದು ಹಳ್ಳಿಯ ಹೊಸ ಓದುಗನಿಗಾಗಿ. ಇಂದು ಅದೇ ವಿದ್ಯೆ ಕಲಿತವರು ಹೆಚ್ಚಾಗಿ ಕಾಣಸಿಗುವುದು ಕಾಲೇಜು, ಸಂಶೋಧನಾಲಯ, ಕಂಪನಿಗಳಲ್ಲಿ. ನಮ್ಮ ನಮ್ಮ ಊರಿನ ಪಂಚಾಯಿತಿ ಗ್ರಂಥಾಲಯದಲ್ಲಿ ಮಗುವಿನ ಕೈಗೆ ಸರಿಯಾದ ಪುಸ್ತಕ ಕೊಡಲು ಯಾರಿದ್ದಾರೆ? ಮುಂದಿನ ಸಲ ಊರಿಗೆ ಹೋದಾಗ ಒಮ್ಮೆ ಒಳಹೊಕ್ಕು ನೋಡಿ ಬನ್ನಿ.