ತ್ಸಾವೊ ನರಭಕ್ಷಕ ಸಿಂಹಗಳು: ತೆರೆಯ ಕಥನ ಮತ್ತು ಮೃತರ ಲೆಕ್ಕ

ಇಂದಿನ ಕೀನ್ಯಾದ ತ್ಸಾವೊ ನದಿಗೆ 1898ರಲ್ಲಿ ರೈಲುಸೇತುವೆ ಕಟ್ಟುತ್ತಿದ್ದ ಕೂಲಿಗಳ ಬಿಡಾರಗಳಿಗೆ ಎರಡು ಗಂಡು ಸಿಂಹಗಳು ರಾತ್ರಿವೇಳೆ ನುಗ್ಗಿ, ತಿಂಗಳುಗಟ್ಟಲೆ ಮನುಷ್ಯರನ್ನು ಎಳೆದೊಯ್ದವು. ಕಾಮಗಾರಿಯ ಮೇಲ್ವಿಚಾರಕ ಜಾನ್ ಹೆನ್ರಿ ಪ್ಯಾಟರ್ಸನ್ ಆ ವರ್ಷದ ಡಿಸೆಂಬರಿನಲ್ಲಿ ಎರಡನ್ನೂ ಕೊಂದನು. ಸ್ಟೀಫನ್ ಹಾಪ್ಕಿನ್ಸ್ ನಿರ್ದೇಶನದ ‘ದಿ ಘೋಸ್ಟ್ ಅಂಡ್ ದಿ ಡಾರ್ಕ್‌ನೆಸ್’ (1996) ಚಿತ್ರಕ್ಕೆ ಈ ಘಟನೆಯೇ ಆಧಾರ. ಹುಲ್ಲಿನ ಅಲುಗಾಟ, ಕತ್ತಲೊಳಗಿನ ಗುಟುರುಗಳಿಂದಲೇ ಅದು ಭೀತಿಯನ್ನು ಬೆಳೆಸುತ್ತದೆ. ಧ್ವನಿ ಪರಿಣಾಮಗಳ ಸಂಕಲನಕ್ಕೆ ಅದು ಪಡೆದ ಆಸ್ಕರ್ ಪ್ರಶಸ್ತಿ ಯುಕ್ತವಾದುದೇ.

ತೆರೆಯ ಸಿಂಹಗಳಿಗೆ ಕೇಸರವಿದೆ, ತ್ಸಾವೊದವಕ್ಕೆ ಇರಲಿಲ್ಲ. ಇದು ಕ್ಷಮ್ಯ. ಆದರೆ ಮೈಕೇಲ್ ಡಗ್ಲಾಸ್ ನಟಿಸಿದ ಅಮೆರಿಕದ ಬೇಟೆಗಾರ ರೆಮಿಂಗ್ಟನ್ ಪೂರ್ಣ ಕಲ್ಪಿತ. ಇಲ್ಲದವನಿಗೆ ಹೆಸರೂ ಹಿನ್ನೆಲೆಯೂ ದೊರೆತರೆ, ಬಹುಪಾಲು ಪಂಜಾಬಿನಿಂದ ಹೋಗಿದ್ದ ಕೂಲಿಗಳು, ಓಂ ಪುರಿ ನಿರ್ವಹಿಸಿದ ಅಬ್ದುಲ್ಲಾನಂಥವರನ್ನು ಬಿಟ್ಟರೆ, ಭಯಗ್ರಸ್ತ ಗುಂಪಾಗಿಯೇ ಉಳಿಯುತ್ತಾರೆ.

ಈ ಅಸಮತೆ ಚಿತ್ರದಿಂದ ಆರಂಭವಾದುದಲ್ಲ. 1907ರ ತನ್ನ ಗ್ರಂಥದಲ್ಲಿ ಪ್ಯಾಟರ್ಸನ್ 28 ಭಾರತೀಯ ಕೂಲಿಗಳ ಸಾವನ್ನು ಎಣಿಸುತ್ತಾನೆ. ಸತ್ತ ಆಫ್ರಿಕನ್ನರ ಅಧಿಕೃತ ದಾಖಲೆಯನ್ನೇ ಇಡಲಿಲ್ಲವೆಂದು ಹೇಳಿ ಮುಂದೆ ಸಾಗುತ್ತಾನೆ. ಆತನೇ ಮುಂದೆ ಒಟ್ಟು ಸಂಖ್ಯೆಯನ್ನು 135ಕ್ಕೆ ಏರಿಸಿದನು. ವರ್ಷಗಟ್ಟಲೆ ಅವನ ಮನೆಯಲ್ಲಿ ನೆಲಹಾಸುಗಳಾಗಿದ್ದ ಆ ಚರ್ಮಗಳನ್ನು ಷಿಕಾಗೊದ ಫೀಲ್ಡ್ ವಸ್ತುಸಂಗ್ರಹಾಲಯವು 1924ರಲ್ಲಿ ತಲೆಬುರುಡೆಗಳೊಡನೆ 5,000 ಡಾಲರಿಗೆ ಕೊಂಡಿತು. ಈ ಸಿಂಹಗಳ ಕೂದಲು, ಮೂಳೆಗಳಲ್ಲಿನ ಐಸೊಟೋಪುಗಳನ್ನು ಪರೀಕ್ಷಿಸಿದ ಸಂಶೋಧಕರು, ಅವು ತಿಂದವರು ಸುಮಾರು 35 ಮಂದಿಯೆಂದು 2009ರಲ್ಲಿ ಅಂದಾಜಿಸಿದರು. ಕೊಂದು ತಿನ್ನದೆ ಬಿಟ್ಟವರು ಈ ಅಂದಾಜಿನಲ್ಲಿ ಸೇರಿಲ್ಲ.