ಅಜ್ಜಿಗೆ 100ಕ್ಕ ಎಷ್ಟು ಮಾರ್ಕ್ಸ್?

1/6
ಲಕ್ವಾ ಹೊಡೆದ ಮೇಲೆ ನಮ್ಮಜ್ಜಿ ಆಸ್ಪತ್ರೆಯಿಂದ ಮಲ್ಲಟದ ಮನೆಗೆ ಬಂದಾಗ, ಮಾತಾಡ್ಸಾಕ ಬಂದೋರೆಲ್ಲ ಕೇಳಿದ್ದು ಒಂದೇ: “ತನ್ನ ಕೆಲಸ ತಾನು ಮಾಡ್ಕೊಂತಾಳೇನು?” ಡಿಸ್ಚಾರ್ಜ್ ಚೀಟಿಯಾಗ ಆ ಪ್ರಶ್ನೆಗೆ ಉತ್ತರ ಒಂದು ಅಂಕಿ: ಬಾರ್ಥೆಲ್ 85. ಅಜ್ಜಿಗೂ ಮಾರ್ಕ್ಸ್ ಕಾರ್ಡಾ ಅಂತ ನಕ್ಕೆ. ಆಮೇಲೆ ಈ ಮಾರ್ಕ್ಸ್ ಎಲ್ಲಿಂದ ಬಂತು ಅಂತ ಹುಡುಕಿದೆ. 👇

2/6
ಕೈಕಾಲಿನ ಬಲ ಎಷ್ಟದ, ಕೀಲು ಎಷ್ಟು ಬಾಗ್ತದ ಅಂತ ಅಳೆದ್ರೆ, ಆ ಮನುಷ್ಯ ಅಂಗಿ ಹಾಕ್ಕೋಬಲ್ಲನಾ ಅನ್ನೋದು ಗೊತ್ತಾಗಲ್ಲ. ಅದಕ್ಕೇ 1945ರಲ್ಲಿ ನ್ಯೂಯಾರ್ಕಿನ ಜಾರ್ಜ್ ಡೀವರ್ ಮತ್ತು ಮೇರಿ ಎಲಿನಾರ್ ಬ್ರೌನ್ ದಿನನಿತ್ಯದ ಕೆಲಸಗಳನ್ನೇ ಪಟ್ಟಿ ಮಾಡಿದ್ರು.

3/6
1963ರಲ್ಲಿ ಸಿಡ್ನಿ ಕಾಟ್ಜ್ ಮತ್ತು ಜೊತೆಗಾರರು ಆರು ಕೆಲಸ ಆರಿಸಿದ್ರು: ಸ್ನಾನ, ಬಟ್ಟೆ, ಶೌಚ, ಹಾಸಿಗೆಯಿಂದ ಏಳೋದು, ಮಲಮೂತ್ರದ ಹಿಡಿತ, ಊಟ. ಚೇತರಿಸಿಕೊಳ್ಳೋರಿಗೆ ಊಟ ಮೊದಲು ಬರ್ತದ, ಬಟ್ಟೆ-ಸ್ನಾನ ಕೊನೆಗೆ. ಕೂಸು ಕಲಿಯೋದೂ ಹೆಚ್ಚುಕಮ್ಮಿ ಇದೇ ಸಾಲಿನಾಗ!

4/6
ಅಜ್ಜಿಯ ಚೀಟಿಯಾಗಿನ ಅಳತೆ ಡಾಕ್ಟರ್ ಫ್ಲಾರೆನ್ಸ್ ಮಹೋನಿ ಮತ್ತು ಫಿಸಿಯೋಥೆರಪಿಸ್ಟ್ ಡೊರೊತಿಯಾ ಬಾರ್ಥೆಲ್ ಅವರದು. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಆಸ್ಪತ್ರೆಗಳಲ್ಲಿ 1955ರಿಂದ ಬಳಸಿ, 1965ರಲ್ಲಿ ಪ್ರಕಟಿಸಿದ್ರು. 10 ಕೆಲಸ, 100 ಅಂಕ. ಎಲ್ಲಕ್ಕೂ ಒಂದೇ ಅಂಕ ಅಲ್ಲ: ಸ್ನಾನಕ್ಕ 5, ನಡೆಯೋದಕ್ಕ 15. ಬ್ಯಾರೆಯವರ ಸಹಾಯ, ಸಮಯ ಎಷ್ಟು ಬೇಕಾಗ್ತದ ಅನ್ನೋದು ಲೆಕ್ಕ.
ಒಂದು ಎಚ್ಚರಿಕೆನೂ ಅವರೇ ಬರೆದಿದ್ರು: 100 ಬಂದ್ರೂ ಆ ಮನುಷ್ಯ ಒಬ್ಬನೇ ಬದುಕಬಲ್ಲ ಅಂತಲ್ಲ, ಅಡಿಗಿ, ಮನೆ ನಿಭಾಯಿಸೋದು ಆಗದೇ ಇರಬಹುದು. ಚೀಟಿಯಾಗ ಅಂಕಿ ಉಳೀತದ, ಈ ಮಾತು ಉಳಿಯಲ್ಲ.

5/6
ಆ ಬಿಟ್ಟುಹೋದದ್ದನ್ನ 1969ರಲ್ಲಿ ಲಾಟನ್ ಮತ್ತು ಬ್ರೋಡಿ ಹಿಡಿದ್ರು: ಫೋನು, ಸಂತೆ, ರೊಕ್ಕದ ಲೆಕ್ಕ, ಗುಳಿಗೆ, ಅಡಿಗಿ. ಆದ್ರ ಆಗ ಅಡಿಗಿ, ಮನೆಗೆಲಸ, ಬಟ್ಟೆ ಒಗೆಯೋದಕ್ಕ ಹೆಂಗಸರಿಗೆ ಮಾತ್ರ ಅಂಕ! ಗಂಡಸರಿಗೆ ಆ ಪ್ರಶ್ನೆನೇ ಲೆಕ್ಕಕ್ಕಿಲ್ಲ. 🙂
ಫೋನು, ಚೆಕ್ಕು ಕಾಣದ ಹಳ್ಳಿಯವರಿಗೆ ಏನು ಕೇಳಬೇಕು? ಹರಿಯಾಣದ ಬಲ್ಲಭಗಡದ ಹಳ್ಳಿಗಳಲ್ಲಿ, ಮರೆವಿನ ಕಾಯಿಲೆ ಗುರುತಿಸಾಕ, ಓದುಬರಹ ಇಲ್ಲದ ಹಿರಿಯರಿಗೆ ಹೊಂದೋ ಪ್ರಶ್ನಾವಳಿ ಮಾಡಿದ್ರು. 1999ರಲ್ಲಿ ಪ್ರಕಟ ಆಯ್ತು. ಹಬ್ಬ ನೆನಪಿರ್ತಾವಾ? ಉಂಡದ್ದು ಮರೀತಾರಾ? ಕೇಳೋದು ಮನೆಯವರನ್ನ.

6/6
ಈಗ ನಮ್ಮಜ್ಜಿ. ಹಜಾರದಾಗ ಆರಾಮ ನಡೀತಾಳ, ಅಂಕ ಬಂತು. ಆದ್ರ ನೆಲದ ಮ್ಯಾಲೆ ಕೂತು ಏಳಾಕ ಆಗಲ್ಲ. ಕುಕ್ಕರಗಾಲಿನಾಗ ಕೂಡಾಕ ಆಗಲ್ಲ. ಒಂದು ಕೈಲೆ ಸೀರಿ ನಿರಿಗಿ ಹಿಡಿಯಾಕ, ರೊಟ್ಟಿ ಬಡಿಯಾಕ ಆಗಲ್ಲ. ಆಸ್ಪತ್ರೆಯಾಗ ಕಮೋಡ್ ಇತ್ತು, ಮಂಚ ಇತ್ತು. ಮನೆಯಾಗ ಎರಡೂ ಇರಲಿಲ್ಲ. 85 ಸುಳ್ಳಲ್ಲ, ಆದ್ರ ಅದು ಬ್ಯಾರೆ ಮನೆಯ ಲೆಕ್ಕ.

ಅದಕ್ಕ ಫ್ರೆಂಡ್ಸ್, ನಿಮ್ಮ ಮನೆಯಾಗ ಯಾರಿಗಾದ್ರೂ ಹಿಂಗಾದ್ರ, ಥೆರಪಿಸ್ಟ್ ಕೇಳೋ ತನಕ ಕಾಯಬ್ಯಾಡ್ರಿ. ಪಾಯಖಾನೆ ಹೆಂಗದ, ಹೊಸ್ತಿಲು ಎಷ್ಟು ಎತ್ತರ, ಉಣ್ಣೋದು ಎಲ್ಲಿ ಕೂತು, ನೀವೇ ಹೇಳ್ರಿ. ಅಜ್ಜಿಗೆ ಈಗ ಕಲಿಸ್ತಿರೋದು ಕುರ್ಚಿ ಹಿಡ್ಕೊಂಡು ನೆಲದಿಂದ ಏಳೋದು.

ನಿಮ್ಮಜ್ಜಿ ಮಾರ್ಕ್ಸ್ ಕಾರ್ಡಿನಾಗ ಯಾವ ಕೆಲಸ ಇರಲೇಬೇಕು? ಕಾಮೆಂಟಿನಾಗ ಬರೀರಿ. 👇

#ಅಜ್ಜಿಯಮಾರ್ಕ್ಸ್ #ಮಲ್ಲಟ #ರಾಯಚೂರು